ರಜೆಯ ಲೆಕ್ಕ, ಬೆಟ್ಟದ ಲೆಕ್ಕ

ಸಿಂಗಾಪುರದ ಅತಿ ಎತ್ತರದ ಗುಡ್ಡ ಬುಕಿಟ್ ತಿಮಾ, ಸುಮಾರು 163 ಮೀಟರ್. ಆ ದೇಶದಲ್ಲಿ ದುಡಿಯುವ ನಮ್ಮವರೂ ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪಿನ ಕನಸು ಕಾಣುತ್ತಾರೆ. ಅದು ಇರುವುದು 5,364 ಮೀಟರ್ ಎತ್ತರದಲ್ಲಿ. ಬೆಟ್ಟವಿಲ್ಲದ ಊರಲ್ಲಿ ಬೆಟ್ಟಕ್ಕೆ ಸಿದ್ಧರಾಗುವುದು ಹೇಗೆ?

ಬಹುಮಹಡಿ ಕಟ್ಟಡದ ಮೆಟ್ಟಿಲುಗಳಿವೆಯಲ್ಲ! ಬೆನ್ನಿಗೆ ನೀರಿನ ಬಾಟಲಿ ತುಂಬಿದ ಚೀಲ, ಕಾಲಿಗೆ ಚಾರಣದ್ದೇ ಬೂಟು. ಇಳಿಯುವಾಗಲೂ ಲಿಫ್ಟ್ ಬೇಡ ಎಂಬುದು ನನ್ನ ಒತ್ತಾಯ. ಇಳಿಜಾರಿನಲ್ಲಿ ಮೈಭಾರ ತಡೆಯುವುದು ತೊಡೆಯ ಸ್ನಾಯುಗಳು; ಅವಕ್ಕೂ ಅಭ್ಯಾಸ ಬೇಕು. ಬೆಟ್ಟವಿಲ್ಲದ ಊರಿನವರಿಗೆ ಇದು ಆಗದ ಮಾತಲ್ಲ: 1998ರಲ್ಲಿ ಸಿಂಗಾಪುರದ ತಂಡವೊಂದು ಎವರೆಸ್ಟ್ ಶಿಖರವನ್ನೇ ಏರಿತು.

ಆದರೆ ತೆಳುಗಾಳಿಯನ್ನು ಮೆಟ್ಟಿಲು ಕಲಿಸಲಾರದು. 5,500 ಮೀಟರಿನ ಹೊತ್ತಿಗೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಾಗುತ್ತದೆ. ಎಂಥ ಗಟ್ಟಿಮುಟ್ಟಾದ ದೇಹಕ್ಕೂ ಒಗ್ಗಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಮೇಲೇರದೆ ತಂಗಬೇಕು ಎನ್ನುತ್ತಾರೆ ವೈದ್ಯರು. ಆದರೆ ಪರದೇಶದ ನೌಕರಿಯಲ್ಲಿ ಇರುವಷ್ಟು ರಜೆಯಲ್ಲೇ ಊರಿಗೂ ಹೋಗಬೇಕು, ಅಪ್ಪ ಅಮ್ಮನನ್ನೂ ನೋಡಬೇಕು. ಹಾಗಾಗಿ ಮೊದಲು ಕತ್ತರಿ ಬೀಳುವುದು ಬೇಸ್ ಕ್ಯಾಂಪಿನ ದಾರಿಯಲ್ಲಿರುವ ನಾಮ್ಚೆ ಬಜಾರಿನಲ್ಲಿ ಎತ್ತರಕ್ಕೆ ಒಗ್ಗಿಕೊಳ್ಳಲೆಂದು ತಂಗುವ ಒಂದು ದಿನಕ್ಕೆ. ದಯವಿಟ್ಟು ಅದನ್ನು ಮುಟ್ಟಬೇಡಿ. ರಜೆ ಸಾಲದಿದ್ದರೆ ಈ ವರ್ಷ ತಗ್ಗಿನ ಚಾರಣವೊಂದನ್ನು ಆರಿಸಿಕೊಳ್ಳಿ. ದಾರಿಯಲ್ಲಿ ತಲೆನೋವು, ವಾಕರಿಕೆ ಶುರುವಾದರೆ ಜೊತೆಗಾರರಿಂದ ಮುಚ್ಚಿಡದೆ ಹೇಳಿ. ಹೆಚ್ಚಾದರೆ ಬೆಳಗಿಗೆ ಕಾಯದೆ ಕೆಳಗಿಳಿಯಿರಿ. ವಿಮೆ ಮಾಡಿಸುವಾಗ, ಅದು ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ ಎಂಬುದನ್ನು ಹೊರಡುವ ಮೊದಲೇ ಓದಿ ನೋಡಿ.