ಕಡ್ಲೆಬೀಜದ ಚಿಕ್ಕಿ: ಆರಿಸಿದ ಬೀಜ ಯಾರಿಗೆ?

(ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಷೇರು, ಸಾಲ, ಡಿವಿಡೆಂಡಿನ ವಿಚಾರವನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಮ್ಮ ಪಾಲಿಗೆ ಒಲೆಯ ಮುಂದಿನ ವಿಷಯ ಬಂದಿದೆ. ಚಿಕ್ಕಿ ಮಾಡೋದು ಯಾರಿಗೆ ಗೊತ್ತಿಲ್ಲ, ಅದಕ್ಕೂ ಒಂದು ಭಾಷಣ ಬೇಕಾ ಅಂತ ನಿಮಗೆ ಅನ್ನಿಸಬಹುದು. ಬೇಕು ಅಂತಲೇ ನಾವು ಹೇಳ್ತೇವೆ.

ಪಾವಗಡ, ಚಳ್ಳಕೆರೆ ಸೀಮೆಯ ನಮಗೆ ಕಡ್ಲೆಕಾಯಿ ಅಂದರೆ ವರ್ಷದ ದುಡ್ಡು. ದಪ್ಪ ಬೀಜವೆಲ್ಲ ಮಂಡಿಗೆ ಹೋಗುತ್ತದೆ. ಮುರುಟಿದ್ದು, ಒಡೆದದ್ದು, ಬಣ್ಣಗೆಟ್ಟದ್ದು ಡಬ್ಬಿಯಲ್ಲಿ ಉಳಿಯುತ್ತದೆ. "ಹುಡುಗರ ಚಿಕ್ಕಿಗಾದರೂ ಆಗುತ್ತೆ, ಇರಲಿ ಬಿಡು" ಅನ್ನುವುದು ಅನೇಕ ಮನೆಗಳ ರೂಢಿ. ಬೆಲ್ಲ ಬಿದ್ದ ಮೇಲೆ ಬೀಜದ ಕಹಿ ನಾಲಿಗೆಗೆ ತಿಳಿಯುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಿರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡ್ಲೆಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದಾಗ ಈ ವಿಷ ಪತ್ತೆಯಾಯಿತು. ಕೋಳಿಯ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಚೂರುಚೂರೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರ್ ಕೆಡುತ್ತದೆ, ಕ್ಯಾನ್ಸರ್ ಬರುವ ಸಂಭವವೂ ಉಂಟು. ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಎಣ್ಣೆ ತೆಗೆಸಿ ಹಿಂಡಿಯನ್ನು ಎಮ್ಮೆಗೆ ಹಾಕೋಣ ಅಂದರೆ, ಹಿಂಡಿಯಲ್ಲಿ ಉಳಿದ ವಿಷ ಹಾಲಿನಲ್ಲಿ ತಿರುಗಿ ನಮ್ಮ ಮನೆಗೇ ಬರುತ್ತದೆ.

ಆದ್ದರಿಂದ ಚಿಕ್ಕಿಯ ಕೆಲಸ ಕಣದಲ್ಲೇ ಶುರುವಾಗಬೇಕು. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವಷ್ಟು ಒಣಗಿರಲಿ. ಸುಲಿಯುವಾಗ ಬೀಜ ಒಡೆಯದಿರಲಿ ಅಂತ ಕಾಯಿಗೆ ನೀರು ಚಿಮುಕಿಸುತ್ತಾರಲ್ಲ, ಮನೆಯ ಬೀಜಕ್ಕೆ ಅದು ಖಂಡಿತ ಬೇಡ.

ಇನ್ನು ಮಾಡುವ ಕ್ರಮ. ಅರ್ಧ ಕೆ.ಜಿ. ಬೀಜಕ್ಕೆ 400 ಗ್ರಾಂ ಬೆಲ್ಲ ಸಾಕು. ಸಣ್ಣ ಉರಿಯಲ್ಲಿ ನಿಧಾನವಾಗಿ ಹುರಿಯಿರಿ. ಉರಿ ಜೋರಾದರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಸಿಪ್ಪೆ ಕೇರಿ, ಇನ್ನೊಂದು ಸಲ ಆರಿಸಿ. ಸಿಪ್ಪೆ ಹೋದಾಗಲೇ ಕಪ್ಪು ಬೀಜ ಕಣ್ಣಿಗೆ ಬೀಳೋದು. ಬೆಲ್ಲಕ್ಕೆ ಸ್ವಲ್ಪವೇ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ತೀರ ಬಿಳಿ ಬೆಲ್ಲಕ್ಕೆ ಮರುಳಾಗಬೇಡಿ, ಆ ಬಣ್ಣ ಬಹಳ ಸಲ ಔಷಧಿಯದು.

ಪಾಕದ ಹದವೇ ಮುಖ್ಯ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡಿ. ಮೆತ್ತಗೆ ಉಂಡೆಯಾದರೆ ಅದು ಉಂಡೆ ಪಾಕ, ಚಿಕ್ಕಿಗೆ ಸಾಲದು. ಎಳೆದರೆ ಜಗ್ಗಿದರೂ ಇನ್ನೂ ಆಗಿಲ್ಲ, ಹಲ್ಲಿಗೆ ಅಂಟುತ್ತದೆ. ಟಕ್ ಅಂತ ಮುರಿಯಬೇಕು. ಅಲ್ಲಿಂದ ಅರೆಗಳಿಗೆ ಮೀರಿದರೂ ಕಹಿ, ಹಾಗಾಗಿ ಆ ಹೊತ್ತಿಗೆ ಬಾಗಿಲಿಗೆ ಯಾರೇ ಬಂದರೂ ಒಲೆ ಬಿಟ್ಟು ಏಳಬೇಡಿ! ಒಂದು ಚಮಚ ತುಪ್ಪ, ಒಂದು ಚಿಟಿಕೆ ಅಡಿಗೆ ಸೋಡ ಹಾಕಿ, ಬೀಜ ಸುರಿದು ಕಲಸಿ, ಎಣ್ಣೆ ಸವರಿದ ಹಲಗೆಯ ಮೇಲೆ ಲಟ್ಟಣಿಗೆಯಿಂದ ಬೇಗ ಬೇಗ ಒತ್ತಿ. ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಎಳೆಯಿರಿ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಮಳೆಗಾಲದಲ್ಲಿ ಒಂದು ದಿನ ತೆರೆದಿಟ್ಟರೂ ಬೆಲ್ಲ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ತೀರ ಚಿಕ್ಕ ಮಕ್ಕಳಿಗೆ ಚಿಕ್ಕಿ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು. ಅವರಿಗೆ ನುಣ್ಣಗೆ ಪುಡಿ ಮಾಡಿ ಮೆತ್ತನೆ ಉಂಡೆ ಕಟ್ಟಿ ಕೊಡಿ.

ನೂರು ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕ ಇದೆ. ನಮ್ಮ ಹೊಲದಲ್ಲೇ ಬೆಳೆದದ್ದು ಇಷ್ಟು ಒಳ್ಳೆಯದಿರುವಾಗ ಅದರಲ್ಲಿ ಮಕ್ಕಳ ಪಾಲು ಎಷ್ಟಾದೀತು, ಲೆಕ್ಕ ಹಾಕೋಣ. ಎರಡು ವಾರಕ್ಕೊಮ್ಮೆ ಅರ್ಧ ಕೆ.ಜಿ. ಬೀಜದ ಚಿಕ್ಕಿ ಮಾಡಿದರೆ ವರ್ಷಕ್ಕೆ 13 ಕೆ.ಜಿ. ಬೀಜ ಬೇಕು. ಕಾಯಿಯ ಲೆಕ್ಕದಲ್ಲಿ 18-19 ಕೆ.ಜಿ., ಅಂದರೆ ಚೀಲಕ್ಕೆ 40 ಕೆ.ಜಿ. ಹಿಡಿದರೆ ಅರ್ಧ ಚೀಲ. ಅಣ್ಣಂದಿರೇ, ಮಂಡಿಗೆ ಗಾಡಿ ಹೊರಡುವ ಮೊದಲು ಆ ಅರ್ಧ ಚೀಲ ಒಳ್ಳೆ ಕಾಯಿ ಇಳಿಸಿಕೊಡಿ. ಬಿತ್ತನೆ ಕಾಯಿ ಹೇಗೂ ಎತ್ತಿಡುತ್ತೀರಲ್ಲ, ಅದರ ಪಕ್ಕದಲ್ಲೇ ಇದೂ ಇರಲಿ.