ಬೋರ್ ನನ್ನದು, ಕೆರೆಯ ಖರ್ಚು ಯಾರದು?

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯ ರೈತರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನನ್ನ ತೋಟಕ್ಕೆ ನನ್ನದೇ ಬೋರ್‌ವೆಲ್ ಇದೆ. ಕೆರೆಯಿಂದ ಒಂದು ಬಿಂದಿಗೆ ನೀರನ್ನೂ ತರುವುದಿಲ್ಲ. ಹೂಳೆತ್ತಲು ನಾನೇಕೆ ದುಡ್ಡು ಕೊಡಲಿ? ಸರ್ಕಾರ ಮಾಡಲಿ, ಇಲ್ಲವೇ ಯಾವುದಾದರೂ ಕಂಪನಿಗೆ ವಹಿಸಲಿ." ಇದು ಜಿಪುಣತನದ ಮಾತಲ್ಲ. ಸಾಲ ಮಾಡಿ ಕೊರೆಸಿದ ಬೋರ್ ಎಂದು ಬತ್ತೀತೋ ಎಂಬ ಭಯದಲ್ಲಿರುವವರು ಖರ್ಚಿನ ಲೆಕ್ಕ ಕೇಳಲೇಬೇಕು. ಆದರೆ ಈ ಲೆಕ್ಕದಲ್ಲಿ ದೊಡ್ಡದೊಂದು ಬಾಬ್ತು ಬಿಟ್ಟುಹೋಗಿದೆ.

ದೇವನಹಳ್ಳಿ ಸೀಮೆಯ ನೆಲದಡಿ ಇರುವುದು ಗ್ರಾನೈಟ್, ನೈಸ್ ಬಂಡೆ. ನೀರು ಕೂಡುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಬಿರುಕಿಗೆ ಸರ್ವೆ ನಂಬರ್ ಇಲ್ಲ. ನಿಮ್ಮ ದ್ರಾಕ್ಷಿಗೋ ಚಕ್ಕೋತಕ್ಕೋ ಹರಿಯುವ ನೀರಿನಲ್ಲಿ ಕೆರೆಯಂಗಳದಲ್ಲಿ ಇಂಗಿದ ಮಳೆಯ ಪಾಲೂ ಇದೆ. ಕೆರೆ ಮಾತ್ರ ದುಡ್ಡು ಕೊಟ್ಟವರು, ಕೊಡದವರು ಎಂದು ಭೇದ ಮಾಡದೆ ನೀರಿಳಿಸುತ್ತದೆ. ಕಾಲುವೆ ಬೇಸಾಯದ ಕಾಲದಲ್ಲಿ ತೂಬಿತ್ತು, ತೂಬು ಕಾಯಲು ನೀರುಗಂಟಿ ಇದ್ದ. ಊರ ಕೆಲಸಕ್ಕೆ ಬಾರದವನ ಗದ್ದೆಗೆ ನೀರು ತಡೆಯಲು ಸಾಧ್ಯವಿತ್ತು. ನೆಲದಡಿಯ ಬಿರುಕಿಗೆ ತೂಬು ಇಡಲಾಗದು. ಇನ್ನೂ ಸರಳವಾಗಿ ಹೇಳುತ್ತೇನೆ: ನೀರಿಳಿಸುವ ಖರ್ಚು ಊರಿನದು, ನೀರೆತ್ತುವ ಲಾಭ ಒಬ್ಬೊಬ್ಬರದು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತವಾದ್ದರಿಂದ, ಎತ್ತುವ ಕೈಯನ್ನು ತಡೆಯಲು ಬಿಲ್ಲಿನ ಭಯವೂ ಇಲ್ಲ. ಪಕ್ಕದವರು ಆಳಕ್ಕೆ ಹೋದರೆ ನೀವೂ ಹೋಗಬೇಕು. "ಬೋರ್ ನನ್ನದು, ಹಾಗಾಗಿ ನೀರೂ ನನ್ನದು" ಎಂಬ ನಂಬಿಕೆಯನ್ನು ಇನ್ನಾದರೂ ಬಿಡಬೇಕು. ಇಂಗುವುದಕ್ಕಿಂತ ಹೆಚ್ಚು ನೀರೆತ್ತುವ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ದೇವನಹಳ್ಳಿ ಸೇರಿರುವುದು ಈ ನಂಬಿಕೆಯ ಫಲವೂ ಹೌದು.

ಖಾಸಗಿಯವರಿಗೆ ಕೊಟ್ಟರೆ ಆಗದೇ ಎನ್ನುವಿರಿ. ಖಾಸಗಿ ಹಣ ಕೆಟ್ಟದ್ದಲ್ಲ. ಹಿಂದೆ ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ, ದಸವಂದ ಎಂದು ಭೂಮಿ ಬಿಟ್ಟುಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ಆದರೆ ಕೊಡದವರನ್ನು ಹೊರಗಿಡಲಾಗದ ಕಡೆ ವ್ಯಾಪಾರ ನಡೆಯದು. ಕಂಪನಿ ದಾನವಾಗಿ ಒಮ್ಮೆ ಹೂಳೆತ್ತಿಸಬಹುದು. ವರ್ಷವರ್ಷವೂ ರಾಜಕಾಲುವೆ ಬಿಡಿಸಲು ಬರುವುದಿಲ್ಲ. ಸರ್ಕಾರವೇ ಎಲ್ಲ ಮಾಡಲಿ ಎಂಬುದೂ ಅರ್ಧ ಸತ್ಯ. ಒತ್ತುವರಿ ತೆರವು, ಬೋರ್‌ವೆಲ್ ನಿಯಂತ್ರಣ ಸರ್ಕಾರದ ಕೆಲಸ. ಅದಕ್ಕೆ 2011ರ ಅಂತರ್ಜಲ ಕಾಯ್ದೆ, 2014ರ ಕೆರೆ ಪ್ರಾಧಿಕಾರದ ಕಾಯ್ದೆ ಇವೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಇತ್ತ ಕಡೆಯ ಕೆರೆಗಳಿಗೆ ತರುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಂಥದನ್ನು ಯಾವ ಊರೂ ತಾನಾಗಿ ಮಾಡಲಾರದು. ಆದರೆ ಮಳೆ ಬಂದ ರಾತ್ರಿ ಏರಿ ಸೋರುತ್ತಿದೆಯೇ ಎಂದು ನೋಡಲು ತಾಲ್ಲೂಕು ಕೇಂದ್ರದ ಇಂಜಿನಿಯರ್ ಸಾಲದು.

ಹಾಗಾದರೆ ಊರವರೇ ಸೇರಿ ಕೆರೆ ನಿಭಾಯಿಸಬಲ್ಲರೇ? ಹಂಚಿಕೊಂಡ ಆಸ್ತಿ ಹಾಳಾಗುವುದೇ ಸೈ ಎಂದು ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಂ ಲೋಕದ ಹಲವೆಡೆಯ ನೀರಾವರಿ, ಕಾಡು, ಮೀನುಗಾರಿಕೆಗಳ ಉದಾಹರಣೆಗಳಿಂದ ಬೇರೆಯದೇ ನಿರ್ಣಯಕ್ಕೆ ಬಂದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡದ್ದು ಇಷ್ಟು: ಬಳಸುವವರು ಯಾರೆಂಬುದು ಸ್ಪಷ್ಟವಿದ್ದು, ನಿಯಮ ಮಾಡುವಲ್ಲಿ ಅವರ ಮಾತು ನಡೆದು, ಕಾವಲು ಮತ್ತು ದಂಡ ಇದ್ದಲ್ಲಿ ಜನ ಒಟ್ಟಾಗಿ ನಿಭಾಯಿಸುತ್ತಾರೆ. ಆದರೆ ನಮ್ಮ ಕೆರೆಗಳ ಹಳೆಯ ವ್ಯವಸ್ಥೆ ಜಾತಿಯದ್ದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ನೀರುಗಂಟಿಗಳು ಬಹುಪಾಲು ದಲಿತರು, ತೀರ್ಮಾನ ಜಮೀನುದಾರರದು. ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದುಮಾಡಿದ 1961ರ ಕಾಯ್ದೆ ಸರಿಯೇ. ತಪ್ಪಾದದ್ದು, ಆ ಕೆಲಸಕ್ಕೆ ಸಂಬಳದ ಬದಲಿ ಏರ್ಪಾಡು ನಿಲ್ಲದೇ ಹೋದದ್ದು.

ಸಮಯ ಮುಗಿಯುತ್ತಿದೆ, ಸಲಹೆ ಚುಟುಕಾಗಿ ಹೇಳುತ್ತೇನೆ. ಗ್ರಾಮಸಭೆಯಲ್ಲಿ ನಿಮ್ಮ ಕೆರೆಯ ಸುತ್ತಲಿನ ಬೋರ್‌ವೆಲ್‌ಗಳ ಪಟ್ಟಿ ಮಾಡಿ. ಪಂಪಿನ ಶಕ್ತಿಗೆ ತಕ್ಕಂತೆ ವಂತಿಗೆ ಗೊತ್ತುಮಾಡಿ. ಹೆಚ್ಚು ಎತ್ತುವವರು ಹೆಚ್ಚು ಕೊಡಲಿ, ಭೂಮಿಯಿಲ್ಲದವರಿಂದ ಏನೂ ಬೇಡ, ಆದರೆ ಸಭೆಯಲ್ಲಿ ಅವರ ಮಾತಿಗೂ ಅಷ್ಟೇ ಬೆಲೆ ಇರಲಿ. ಆ ಹಣದಲ್ಲಿ ಯಾವ ಜಾತಿಯವರೇ ಆಗಲಿ, ಸಂಬಳ ಕೊಟ್ಟು ಒಬ್ಬ ನೀರುಗಂಟಿಯನ್ನು ನೇಮಿಸಿ. ಲೆಕ್ಕವನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಒತ್ತುವರಿ ತೆರವಿಗೆ ತಹಸೀಲ್ದಾರರನ್ನು ಒತ್ತಾಯಿಸಿ. ನೀವು ಕೊಡುವ ವಂತಿಗೆ ಊರಿಗೆ ಮಾಡುವ ಉಪಕಾರವಲ್ಲ, ನಿಮ್ಮ ಬೋರ್‌ನ ಖರ್ಚಿನದೇ ಒಂದು ಭಾಗ.