ಮಂಗಳೂರಿಗೆ ಬಂದ ಜರ್ಮನ್ ವ್ಯಾಪಾರಿ

(ಆದವಾನಿಯ ಕೂಲಿಕಾರ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಮಳೆ ಕೈಕೊಟ್ಟರೆ ನಮ್ಮ ಆದವಾನಿ, ಆಲೂರು ಕಡೆಯ ಜನ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ. ತೋಟದ ಲೈನುಗಳಲ್ಲಿರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದಲೂ ಲಕ್ಷಾಂತರ ಜನ ಹೀಗೆಯೇ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಅಂಗಡಿ ಇಟ್ಟು ಶ್ರೀಮಂತರಾದವರೂ ಉಂಟು. ಅದೇ ಕಾಲದಲ್ಲಿ, 1854ರಲ್ಲಿ, ಗಾಟ್ಲೋಬ್ ಫ್ಲೈಡರರ್ ಎಂಬ ಜರ್ಮನ್ ವ್ಯಾಪಾರಿ ಮಂಗಳೂರಿಗೆ ಬಂದರು.

ಅವರನ್ನು ಕಳುಹಿಸಿದ್ದು ಬಾಸೆಲ್ ಮಿಷನ್. ಪ್ರಸಂಗ ಮಾಡುವುದಕ್ಕಲ್ಲ, ವ್ಯಾಪಾರ ನೋಡಿಕೊಳ್ಳುವುದಕ್ಕೆ. ಮಿಷನ್ 1834ರಲ್ಲಿಯೇ ಮಂಗಳೂರಿಗೆ ಬಂದಿತ್ತು. ಕ್ರೈಸ್ತರಾದವರನ್ನು ಮನೆಯವರು ಹೊರಗಿಟ್ಟರು, ಒಡೆಯರು ಗೇಣಿ ಬಿಡಿಸಿದರು. ಬಿಲ್ಲವರಾಗಿದ್ದವರು ಕಳ್ಳು ಇಳಿಸುವ ಕಸುಬನ್ನೂ ಬಿಡಬೇಕಾಯಿತು. ಸ್ನಾನದೀಕ್ಷೆ ಆಯಿತು, ಸರಿ. ಮರುದಿನ ಒಲೆಯ ಮೇಲೆ ಏನಿಡುವುದು? ಆ ಪ್ರಶ್ನೆಗೆ ಉತ್ತರವಾಗಿಯೇ ಮಗ್ಗ, ಮುದ್ರಣಾಲಯ, ಅಂಗಡಿ ಬಂದವು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರರು ಮಗ್ಗಗಳನ್ನು ಸುಧಾರಿಸಿದರು. ಅವರ ಕಾರ್ಖಾನೆಯ ಖಾಕಿ ಬಟ್ಟೆ ಹೆಸರುವಾಸಿಯಾಯಿತು. ಹತ್ತಿಯ ಊರಿನವರಾದ ನಮಗೆ ನೂಲಿನ ಬೆಲೆ ಗೊತ್ತು.

1859ರಲ್ಲಿ ಬಾಸೆಲ್ ನಗರದಲ್ಲಿ ಈ ವ್ಯಾಪಾರಕ್ಕಾಗಿಯೇ ಒಂದು ಕಂಪನಿ ಹುಟ್ಟಿತು. ಪಾಲು ಹಾಕಿದವರಿಗೆ ಮಿತವಾದ ಲಾಭ, ಉಳಿದದ್ದು ಮಿಷನ್ ಕೆಲಸಕ್ಕೆ ಎಂಬುದು ಅದರ ಕ್ರಮ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಯಂತ್ರ ಬಲ್ಲವರು ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮೊದಲು ಕೆಲವೇ ಕೆಲಸಗಾರರು, ದಿನಕ್ಕೆ ಕೆಲವು ನೂರು ಹೆಂಚು ಎನ್ನುತ್ತಾರೆ. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲೂ ಗೂಡು ಹೊತ್ತಿತು. ಹೆಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿ ಊರೂರಿಗೆ ಹೋಯಿತು. ಮಣ್ಣು ತುಳಿದವರ ಹೆಸರು ಅದರ ಮೇಲಿಲ್ಲ.

ಇಲ್ಲಿ ನಾವು ಒಂದು ಮಾತು ಬಿಚ್ಚಿ ಹೇಳಬೇಕು. ಹಸಿದವನಿಗೆ ಭಿಕ್ಷೆ ಕೊಡದೆ ಕೆಲಸ ಕಲಿಸಿದ್ದು ದೊಡ್ಡ ಉಪಕಾರ; ಅದನ್ನು ನಾವು ಮರೆಯುವುದಿಲ್ಲ. ಆದರೆ ಸಂಬಳ ಕೊಡುವವರೂ ಭಾನುವಾರ ಬುದ್ಧಿ ಹೇಳುವವರೂ ಒಂದೇ ಮನೆಯವರಾದರೆ, ಕೂಲಿ ಸಾಲದು ಎಂದು ಯಾರ ಮುಂದೆ ಹೇಳುವುದು? ಹೇಳಿದರೆ ಕೃತಘ್ನ ಎಂಬ ಹೆಸರು. ತೋಟದಲ್ಲಿ ದೊರೆ ಬೇರೆ, ಪಾದ್ರಿ ಬೇರೆ. ಅಷ್ಟರಮಟ್ಟಿಗೆ ನಿಮ್ಮ ದಾರಿ ಸುಲಭ. ಸಂಘದ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವಾಗ ನಾವು ಇದನ್ನು ಎಷ್ಟೋ ಸಲ ಯೋಚಿಸಿದ್ದೇವೆ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನರು ಶತ್ರುಗಳೆಂದಾಯಿತು. ಅವರನ್ನು ಸೆರೆಯ ಶಿಬಿರಗಳಲ್ಲಿಟ್ಟು, ಆಮೇಲೆ ದೇಶದಿಂದ ಕಳುಹಿಸಿದರು. ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಬಾಗಿಲ ಮೇಲಿನ ಬೋರ್ಡು ಬದಲಾಯಿತು. ಒಳಗೆ ಮಣ್ಣು ಹದ ಮಾಡುವವರು, ಗೂಡಿಗೆ ಸೌದೆ ಹಾಕುವವರು ಮೊದಲಿನವರೇ.